ಎಲ್ಲಿಗೆ ಹೊರಟದ್ದು?

“ಎಲ್ಲಿಗೆ ಹೊರಟದ್ದು?” ಎಂದು ಕೇಳಿದ. “ಇಲ್ಲೇ” ಎಂದೆ. ಅಷ್ಟಕ್ಕೇ ನನ್ನನ್ನು ಮೂವತ್ತೈದು ನಿಮಿಷ ಒಳಗೆ ಕೂರಿಸಿದರು.

ಕೇಳಿದವನು ಅಮೆರಿಕದ ಗಡಿ ಅಧಿಕಾರಿ. ಅವನು ಕೇಳಿದ್ದು ಇಂಗ್ಲಿಷಿನಲ್ಲಿ, ನಾನು ಹೇಳಿದ್ದೂ ಇಂಗ್ಲಿಷಿನಲ್ಲೇ, “ಜಸ್ಟ್ ಹಿಯರ್” ಅಂತ. ಆದರೆ ಆ ಉತ್ತರ ಹೊರಟು ಬಂದದ್ದು ನಾನು ಎಬಿಸಿಡಿ ಕಲಿಯುವುದಕ್ಕಿಂತ ಮುಂಚಿನ ಕಾಲದಿಂದ. ನಮ್ಮೂರು ಅಡ್ಯನಡ್ಕದ ಬಸ್‌ಸ್ಟ್ಯಾಂಡಿನಲ್ಲಿ ಚಡ್ಡಿ ಹಾಕಿಕೊಂಡು ನಿಂತಿದ್ದ ಹುಡುಗ ಒಬ್ಬ ನನ್ನ ಬಾಯಿಯಿಂದ ಮಾತಾಡಿಬಿಟ್ಟ. ನನಗೀಗ ನಲವತ್ತನಾಲ್ಕು. ಅಧಿಕಾರಿಗೆ ಇಪ್ಪತ್ತೈದಿರಬಹುದು. “ಇಲ್ಲಿ ಎಂದರೆ ಎಲ್ಲಿ?” ಎಂದ. ಅದಕ್ಕೆ ನಾನು ಮಹಾ ಬುದ್ಧಿವಂತನ ಹಾಗೆ ಕೈಯಿಂದ ಮುಂದಿನ ರಸ್ತೆಯನ್ನು ತೋರಿಸಿದೆ.

ಯಾವ ಗೇಟು ಎಂದು ಹೇಳುವುದಿಲ್ಲ. ಕೆನಡಾದ ಕ್ವಿಬೆಕ್‌ಗೂ ಅಮೆರಿಕದ ವರ್ಮಾಂಟಿಗೂ ನಡುವೆ ಅಂಥ ಸಣ್ಣ ಗೇಟುಗಳು ಹತ್ತಾರು ಉಂಟು. ಜೋಳದ ಹೊಲ, ದನದ ಕೊಟ್ಟಿಗೆ, ಒಂದು ಇಗರ್ಜಿ, ಮಧ್ಯದಲ್ಲಿ ನಮ್ಮ ಸಹಕಾರಿ ಸಂಘದ ರೇಷನ್ ಅಂಗಡಿಯಷ್ಟೇ ದೊಡ್ಡ ಕಟ್ಟಡ. ನನ್ನ ಮುಂದೆ ಕಾರಿರಲಿಲ್ಲ, ಹಿಂದೆಯೂ ಇರಲಿಲ್ಲ. ನಾಲ್ಕು ಮೈಲಿ ಆಚೆ ಒಂದು ಪೆಟ್ರೋಲ್ ಬಂಕಿನಲ್ಲಿ ಚಿಕ್ಕಪ್ಪನ ಮಗ ಕಾಯುತ್ತಿದ್ದ. ಊರಿಂದ ಬಾಸ್ಟನ್ನಿಗೆ ಬಂದವರ ಕೈಯಲ್ಲಿ ಅಮ್ಮ ಹಲಸಿನ ಹಪ್ಪಳ ಕೊಟ್ಟಿದ್ದಳು. ಅವರಿಂದ ಅದು ಅವನ ಬರ್ಲಿಂಗ್ಟನ್ ಮನೆ ಸೇರಿತ್ತು. ಅವನ ಬಳಿ ಕೆನಡಾ ವೀಸಾ ಇಲ್ಲ, ಆದ್ದರಿಂದ ಶೆರ್‌ಬ್ರೂಕಿನ ನನ್ನ ಮನೆವರೆಗೆ ತರುವ ಹಾಗಿಲ್ಲ. ಮೂರು ಕಟ್ಟು ಹಪ್ಪಳ, ಒಂದು ಬಾಟಲಿ ಅಪ್ಪೆಮಿಡಿ. ಇದನ್ನೆಲ್ಲ ಅಧಿಕಾರಿಗೆ ಹೇಗೆ ಹೇಳುವುದು? ಹೇಳಲಿಕ್ಕೆ ಹೋಗಿಯೇ ಇನ್ನಷ್ಟು ಹಾಳಾಯಿತು. “ಅಣ್ಣತಮ್ಮ ಅಂದರೆ ಒಂದೇ ತಾಯಿಯ ಮಕ್ಕಳಾ?” “ಅಲ್ಲ, ಚಿಕ್ಕಪ್ಪನ ಮಗ.” “ಮೊದಲು ತಮ್ಮ ಅಂದಿರಿ?” “ತಮ್ಮನೇ.” ನೀವೇ ಹೇಳಿ, ಇದಕ್ಕೆ ಎಂತ ಉತ್ತರ.

ಬೈದದ್ದಿಲ್ಲ, ಜೋರು ಮಾಡಿದ್ದಿಲ್ಲ. ನೀರು ಬೇಕಾ ಎಂದೂ ಕೇಳಿದರು. ಕೊನೆಗೆ ಪಾಸ್‌ಪೋರ್ಟ್ ವಾಪಸು ಕೊಟ್ಟು “ಮುಂದಿನ ಸಲ ಹೋಗುವ ಜಾಗದ ಹೆಸರು ಹೇಳಿ” ಎಂದರು. ನನಗೆ ನಾಟಿದ್ದು ಕೂರಿಸಿದ್ದಲ್ಲ. ನನ್ನ “ಇಲ್ಲೇ” ಅನ್ನುವುದು ಸುಳ್ಳಿನ ಲೆಕ್ಕಕ್ಕೆ ಬಿತ್ತಲ್ಲ, ಅದು.

ಯಾಕೆಂದರೆ ಊರಿನಲ್ಲಿ ಅದರಷ್ಟು ಸತ್ಯವಾದ ಉತ್ತರ ಇನ್ನೊಂದಿಲ್ಲ. ಅಡ್ಯನಡ್ಕದಿಂದ ಪೆರ್ಲಕ್ಕೆ ಬಸ್ಸಿನಲ್ಲಿ ಕಾಲು ಗಂಟೆಯ ಮೇಲೆ ಸ್ವಲ್ಪ. ನಡುವೆ ಸಾರಡ್ಕ. ಸಾರಡ್ಕದಲ್ಲಿ ಕರ್ನಾಟಕ ಮುಗಿದು ಕೇರಳ ಸುರುವಾಗುತ್ತದೆ. ಬೋರ್ಡಿನ ಅಕ್ಷರ ಉರುಟಾಗುತ್ತದೆ, ರಸ್ತೆಯ ಡಾಮರಿನ ಬಣ್ಣ ಬದಲಾಗುತ್ತದೆ, ಅಷ್ಟೇ. ಅಡಿಕೆ ತೋಟ ಅದೇ, ಗೇರು ಗುಡ್ಡ ಅದೇ, ತುಳು ಅದೇ. ನನ್ನ ಅಜ್ಜಿ ಪೆರ್ಲದ ಕಡೆಯವಳು. ಮದುವೆಯಾಗಿ ಬರುವಾಗ ಗಂಡನ ಮನೆ, ತವರು ಎರಡೂ ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಅವಳ ತವರು ಇದ್ದಲ್ಲಿಯೇ ಇದ್ದು ಕೇರಳವಾಯಿತು. ಅದರ ಬಗ್ಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ಬಸ್ಸಿಗೆ ಮೊದಲೂ ಅಷ್ಟೇ ಕೊಡಬೇಕಿತ್ತು, ಮತ್ತೂ ಅಷ್ಟೇ.”

ಆ ಬಸ್ಸು ಹತ್ತುವ ಮೊದಲು ಮನೆಯಿಂದ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಕಡಿಮೆಯೆಂದರೂ ಏಳು ಜನ ಕೇಳುತ್ತಿದ್ದರು. ತೋಟದ ಬೇಲಿಯಾಚೆ ಸೊಪ್ಪು ತರುತ್ತಿದ್ದ ಬಾಬು, ಅಂಚೆಯಣ್ಣ, ಗೂಡಂಗಡಿಯ ಬ್ಯಾರಿ, ಭಜನಾ ಮಂದಿರದ ಕಟ್ಟೆಯಲ್ಲಿ ಕೂತ ನಿವೃತ್ತ ಮಾಸ್ಟ್ರು. “ಎಂತ, ಎಲ್ಲಿಗೆ ಹೊರಟದ್ದು?” “ಇಲ್ಲೇ.” “ಹಾಂ, ಆಗಲಿ.” ಮುಗಿಯಿತು. ಕೈಯಲ್ಲಿ ಬಾಳೆಗೊನೆ ಇದ್ದರೆ ಅಜ್ಜಿಯ ಮನೆಗೆಂದು ಅವರಿಗೆ ಗೊತ್ತು. ಖಾಲಿ ಚೀಲ ಇದ್ದರೆ ಪೇಟೆಗೆ. ಇಸ್ತ್ರಿ ಅಂಗಿಯಾದರೆ ಎಲ್ಲಿ ಹೆಣ್ಣು ನೋಡುವುದು ಎನ್ನುವುದೂ ಗೊತ್ತು. ಪ್ರಶ್ನೆ ಉತ್ತರಕ್ಕಾಗಿ ಅಲ್ಲ. ನೀನು ದಾಟಿ ಹೋದದ್ದನ್ನು ನಾನು ನೋಡಿದ್ದೇನೆ ಎನ್ನುವುದಕ್ಕೆ. ಸಂಜೆಯೊಳಗೆ ಬಾರದಿದ್ದರೆ ಹುಡುಕಲಿಕ್ಕೆ ಹೊರಡುವವರೂ ಆ ಏಳು ಜನವೇ.

ಮನೆಯೊಳಗೆ ಮಾತ್ರ ಯಾರೂ ಹಾಗೆ ಕೇಳುತ್ತಿರಲಿಲ್ಲ. ಚಪ್ಪಲಿ ಮೆಟ್ಟುವಾಗ ‘ಎಲ್ಲಿಗೆ’ ಎಂದರೆ ಹೋದ ಕೆಲಸ ಆದೀತೋ? ಅಜ್ಜಿ “ದೂರವೋ?” ಎಂದು ಕೇಳುವುದು. ನಾವು “ಬರ್ತೇನೆ” ಎಂದು ಹೊರಡುವುದು. ಗಡಿಯ ಅಧಿಕಾರಿ ಕೇಳಿದ ಎರಡನೇ ಪ್ರಶ್ನೆ “ಎಷ್ಟು ಹೊತ್ತು ಇರ್ತೀರಿ?” ಎಂಬುದು. ಅದಕ್ಕೂ ನನ್ನ ನಾಲಿಗೆಯಲ್ಲಿ ಸಿದ್ಧವಿದ್ದ ಉತ್ತರ “ಈಗ ಬಂದೆ” ಎಂದೇ. ದೇವರು ದೊಡ್ಡವನು, ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಇಷ್ಟಾಗಿಯೂ ಮುಂದಿನ ಶನಿವಾರ ನಾನು ಹೋದದ್ದು ಗಡಿಗೇ. ಮಗಳಿಗೆ ಲೈಬ್ರರಿ ಪುಸ್ತಕ ಹಿಂತಿರುಗಿಸಬೇಕಿತ್ತು. ಶೆರ್‌ಬ್ರೂಕಿನಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗೆ ಸ್ಟಾನ್‌ಸ್ಟೆಡ್ ಎಂಬ ಊರು, ಜನ 3,000ದೊಳಗೆ. ಅದಕ್ಕೆ ಅಂಟಿಕೊಂಡೇ ಅಮೆರಿಕದ ಡರ್ಬಿ ಲೈನ್, 700ರ ಆಸುಪಾಸು. ಅಂಟಿಕೊಂಡು ಎಂದರೆ ಬರೀ ಮಾತಿಗಲ್ಲ. ನಡುವೆ ಟೊಮಿಫೋಬಿಯಾ ಎಂಬ ಹೊಳೆ ಹರಿಯುತ್ತದೆ (ಹೆಸರು ಕೇಳಿ ಯಾವುದೋ ಕಾಯಿಲೆ ಅಂದುಕೊಂಡಿದ್ದೆ). ಕುಡಿಯುವ ನೀರಿನ ಪೈಪು, ಕೊಳಚೆಯ ಪೈಪು ಎರಡೂ ಗಡಿಯ ಅಡಿಯಲ್ಲಿ ಹಾದುಹೋಗುತ್ತವೆ. ಬೆಂಕಿ ಬಿದ್ದರೆ ಆಚೆಯ ಅಗ್ನಿಶಾಮಕದವರು ಈಚೆ ಬರುತ್ತಾರೆ. ಪಕ್ಕದಲ್ಲೇ ಕ್ಯಾನುಸಾ ಎಂಬ ಬೀದಿ ಉಂಟು. ಉತ್ತರದ ಮನೆಗಳು ಕೆನಡಾ, ದಕ್ಷಿಣದವು ಅಮೆರಿಕ. ದಕ್ಷಿಣದ ಮನೆಯವನು ಕಾರು ಹಿಂದೆ ತೆಗೆದು ರಸ್ತೆಗಿಳಿದನೆಂದರೆ ಪರದೇಶಕ್ಕೆ ಹೋದ ಹಾಗೆ, ಕಾನೂನಿನ ಪ್ರಕಾರ ವರದಿ ಒಪ್ಪಿಸಬೇಕು. ಎದುರುಮನೆಯಿಂದ ಮೊಸರಿಗೆ ಹೆಪ್ಪು ತರುವುದಕ್ಕೂ!

ಈ ಗೆರೆ ಇಲ್ಲಿ ಹೇಗೆ ಬಂತು ಎಂಬುದೇ ತಮಾಷೆ. 45ನೇ ಅಕ್ಷಾಂಶದ ಮೇಲೆ ಹೋಗಬೇಕಿತ್ತಂತೆ. 1770ರ ದಶಕದಲ್ಲಿ ಕಾಡಿನಲ್ಲಿ ಅಳತೆ ಮಾಡಿದವರು ಅಲ್ಲಲ್ಲಿ ತಪ್ಪಿದರು. ಕುಡಿದಿದ್ದರು ಎಂಬ ಕತೆಯೂ ಇಲ್ಲಿಯವರ ಬಾಯಲ್ಲಿ ಉಂಟು. ಗೆರೆ ಸೊಟ್ಟವಾಗಿದ್ದು ಗೊತ್ತಾದ ಮೇಲೂ 1842ರ ಒಪ್ಪಂದದಲ್ಲಿ ಎರಡೂ ಕಡೆಯವರು ಇದ್ದದ್ದು ಇದ್ದ ಹಾಗೆ ಇರಲಿ ಎಂದು ಒಪ್ಪಿಕೊಂಡರು. ನಮ್ಮ ಪೆರ್ಲವೂ ಸೇರಿದ ಕಾಸರಗೋಡಿನ ವಿಷಯದಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕೆ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಇಂದಿಗೂ ಕಾಗದದಲ್ಲೇ ಉಂಟು. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರೂ ಆ ದಿನವನ್ನು ನೋಡಲಿಲ್ಲ. ನಮ್ಮ ಮನೆಯಲ್ಲಿ ಈ ಮಾತು ಬಂದರೆ ಅಪ್ಪ ಈಗಲೂ ಕಾಫಿ ಲೋಟ ಕೆಳಗಿಡುತ್ತಾರೆ.

ಲೈಬ್ರರಿಯ ಮಾತಿಗೆ ಬರುತ್ತೇನೆ. ಹ್ಯಾಸ್ಕೆಲ್ ಲೈಬ್ರರಿ ಮತ್ತು ಒಪೇರಾ ಹೌಸ್. ಕೆನಡಾ ಮೂಲದ ಮಾರ್ತಾ ಹ್ಯಾಸ್ಕೆಲ್ ಎಂಬ ಹೆಂಗಸು, ತನ್ನ ಅಮೆರಿಕನ್ ಗಂಡನ ನೆನಪಿಗೆ, ಮಗನ ಜೊತೆ ಸೇರಿ ಕಟ್ಟಿಸಿದ್ದು. ರಂಗಮಂದಿರ 1904ರಲ್ಲಿ ತೆರೆಯಿತು, ಲೈಬ್ರರಿ ಮರುವರ್ಷ. ಗಡಿ ಅಡ್ಡ ಬಂತೆಂದು ಜಾಗ ಬದಲಿಸಿದ್ದಲ್ಲ. ಬೇಕೆಂದೇ ಗೆರೆಯ ಮೇಲೆ ಅಡಿಪಾಯ ಹಾಕಿದರು, ಎರಡೂ ಕಡೆಯವರು ಬರಲೆಂದು. ಓದುವ ಕೋಣೆಯ ಮರದ ನೆಲದ ಮೇಲೆ ಒಂದು ಕಪ್ಪು ಗೆರೆ ಓರೆಯಾಗಿ ಹಾದುಹೋಗುತ್ತದೆ. ಮುಂಬಾಗಿಲು ಅಮೆರಿಕದಲ್ಲಿ, ಪುಸ್ತಕಗಳು ಕೆನಡಾದಲ್ಲಿ. ಮೇಲಿನ ರಂಗಮಂದಿರದಲ್ಲಿ ಪ್ರೇಕ್ಷಕರು ಬಹುತೇಕ ಅಮೆರಿಕದಲ್ಲಿ ಕೂತು ಕೆನಡಾದ ವೇದಿಕೆಯನ್ನು ನೋಡಬೇಕು. ಪುಸ್ತಕವಿಲ್ಲದ ಲೈಬ್ರರಿ, ವೇದಿಕೆಯಿಲ್ಲದ ರಂಗಮಂದಿರ ಇರುವ ದೇಶ ಅಮೆರಿಕ ಒಂದೇ ಎಂದು ಇಲ್ಲಿಯವರ ಹಳೆಯ ನಗೆಮಾತು. ನನಗೆ ನೆನಪಾದದ್ದು ಬಯಲಾಟ. ಸಾರಡ್ಕದ ಈಚೆ ಆಟವಾದರೆ ಚೆಂಡೆ ಕೇಳುವುದು ಕೇರಳದಲ್ಲಿ. ಆಟ ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಆಚೆಯವರು. ಬೆಳಗಿನ ಜಾವ ಯಾರು ಯಾವ ರಾಜ್ಯಕ್ಕೆ ನಡೆದುಕೊಂಡು ಹೋದರು ಎಂದು ಯಾರಿಗೆ ಗೊತ್ತು? ಯಕ್ಷಗಾನದ ತೆಂಕುತಿಟ್ಟಿನ ಮೂಲಪುರುಷ ಪಾರ್ತಿಸುಬ್ಬನೇ ಈಗ ಗೆರೆಯಾಚೆ ಬಿದ್ದ ಕುಂಬಳೆಯವನು. ಅವನನ್ನು ಯಾವ ಕಡೆಗೆ ಹಾಕುತ್ತೀರಿ?

ಮೊದಲ ಸಲ ಆ ಕಪ್ಪು ಗೆರೆ ನೋಡಿದಾಗ, ಸುಳ್ಳು ಹೇಳಬಾರದು, ನನಗೆ ನಮ್ಮವರ ಮೇಲೇ ಸಿಟ್ಟು ಬಂದಿತ್ತು. ನೋಡಿ, ಎರಡು ದೇಶದವರು ಒಂದು ಮನೆಯಲ್ಲಿ ಪುಸ್ತಕ ಹಂಚಿಕೊಂಡು ಓದುತ್ತಾರೆ, ನಾವು ಒಂದೇ ದೇಶದೊಳಗೆ ಬೋರ್ಡಿಗೆ ಮಸಿ ಬಳಿಯುತ್ತೇವೆ ಎಂದು ಭಾವನಿಗೆ ಫೋನಿನಲ್ಲಿ ಭಾಷಣ ಬಿಗಿದಿದ್ದೆ. ಮಗಳು ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ನಿಂತ ಫೋಟೋವನ್ನು ಮನೆಮಂದಿಗೆಲ್ಲ ಕಳಿಸಿದ್ದೂ ಆಯಿತು. ಆಗೆಲ್ಲ ಕೆನಡಾದ ಕಡೆಯಿಂದ ಬರುವವರು ಬೀದಿಗೆ ಅಡ್ಡಲಾಗಿಟ್ಟ ಹೂಕುಂಡಗಳ ಪಕ್ಕದಲ್ಲಿ ಕಾಲುಹಾದಿಯ ಮೇಲೆ ನಡೆದು ಅಮೆರಿಕದ ಮುಂಬಾಗಿಲಿಗೆ ಹೋಗಿ, ಓದಿ, ಅದೇ ದಾರಿಯಲ್ಲಿ ವಾಪಸು ಬಂದರಾಯಿತು. ಪಾಸ್‌ಪೋರ್ಟು ಕೇಳುತ್ತಿರಲಿಲ್ಲ. ಹೂಕುಂಡದ ಗಡಿ! ಅದರಲ್ಲಿ ಹೂವೂ ಇತ್ತು.

2025ರ ಮಾರ್ಚಿನಲ್ಲಿ ಆ ಸಲಿಗೆ ಇನ್ನಿಲ್ಲ ಎಂದು ಅಮೆರಿಕ ತಿಳಿಸಿತು. ಕಾರ್ಡಿದ್ದವರಿಗೆ ಅಕ್ಟೋಬರಿನವರೆಗೆ ಅವಕಾಶ, ಆಮೇಲೆ ಮುಂಬಾಗಿಲಿಗೆ ಬರಬೇಕಾದರೆ ಗಡಿ ಗೇಟಿನ ಮೂಲಕವೇ ಬರಬೇಕು. ಕೆನಡಾದ ಬದಿಗಿದ್ದ ತುರ್ತು ಬಾಗಿಲನ್ನೇ ಬಾಗಿಲು ಮಾಡಿಕೊಂಡರು. ಸರಿಯಾದ ದಾರಿ ಮಾಡಲು ಚಂದಾ ಎತ್ತಿದರು. ಹೆಸರಾಂತ ಕಾದಂಬರಿಗಾರ್ತಿಯೊಬ್ಬರು ದೊಡ್ಡ ಮೊತ್ತವನ್ನೇ ಕೊಟ್ಟರು. ಈಗ ನಾನೂ ಮಗಳೂ ಒಳಹೋಗುವುದು ಆ ಪಕ್ಕದ ಬಾಗಿಲಿನಿಂದ. ಸೂತಕದ ಮನೆಗೆ ಹಿತ್ತಿಲಿನಿಂದ ಹೋದ ಹಾಗೆ ಅನಿಸುತ್ತದೆ.

ಆ ಶನಿವಾರ ಕಿಟಕಿಯ ಬಳಿ ಕೂತಿದ್ದ ಒಬ್ಬ ಮುದುಕನ ಹತ್ತಿರ ನನ್ನ ‘ಇಲ್ಲೇ’ ಪುರಾಣ ಹೇಳಿಕೊಂಡೆ. ಹುಟ್ಟಿದ್ದು ಬೆಳೆದದ್ದು ಎಲ್ಲ ಸ್ಟಾನ್‌ಸ್ಟೆಡ್, ಗ್ರಾನೈಟಿನ ಶೆಡ್ಡಿನಲ್ಲಿ ಕೆಲಸ ಮಾಡಿದ ಕೈ. ಕೆನಡಾದ ಗ್ರಾನೈಟ್ ರಾಜಧಾನಿ ಎಂದು ಆ ಊರಿನ ಹೆಗ್ಗಳಿಕೆ. ಅವನು ನಗಲಿಲ್ಲ. ಹಿಂದೆ ಗೇಟಿನಲ್ಲಿ ನಿಲ್ಲುತ್ತಿದ್ದವರು ತನ್ನ ಜೊತೆ ಶಾಲೆಗೆ ಹೋದವರೇ, ಗುರುತಿನ ಚೀಟಿ ಕೇಳುವ ಬದಲು “ನಿನ್ನ ಅಮ್ಮನ ಸೊಂಟನೋವು ಹೇಗುಂಟು?” ಎಂದು ಕೇಳುತ್ತಿದ್ದರು, ಕೈ ಬೀಸಿ ಬಿಡುತ್ತಿದ್ದರು ಎಂದ. ಒಂದೊಂದು ಬೀದಿಯಲ್ಲಿ ಗೇಟೇ ಇರಲಿಲ್ಲವಂತೆ. 2001ರ ಸೆಪ್ಟೆಂಬರಿನ ನಂತರ ಒಂದೊಂದಾಗಿ ಬಿಗಿಯಾಯಿತು. 2009ರಿಂದ ಪಾಸ್‌ಪೋರ್ಟೋ ಅಂಥದ್ದೇ ಗುರುತಿನ ಕಾರ್ಡೋ ಇಲ್ಲದೆ ಆಗದು. “ಈಗ ಬರುವ ಹುಡುಗರು ಒಳ್ಳೆಯವರೇ, ಆದರೆ ಎಲ್ಲಿಯವರೋ. ಹತ್ತು ಸಲ ನೋಡಿದ ಮುಖವನ್ನೂ ಹನ್ನೊಂದನೇ ಸಲ ಹೊಸತಾಗಿ ಕೇಳುತ್ತಾರೆ.” ಆಮೇಲೆ ಕ್ವಿಬೆಕ್‌ನಲ್ಲಿ ತಮ್ಮ ಇಂಗ್ಲಿಷಿಗೆ ಬೆಲೆಯಿಲ್ಲ, ಎಲ್ಲ ಬೋರ್ಡಿನಲ್ಲೂ ಫ್ರೆಂಚೇ ದೊಡ್ಡದು ಎಂದು ಅರ್ಧ ಗಂಟೆ ಗೊಣಗಿದ. ಇಂಗ್ಲಿಷಿಗೂ ಕಾಸರಗೋಡಿನ ಕನ್ನಡದ ಗತಿ ಬಂದ ಊರೊಂದು ಪ್ರಪಂಚದಲ್ಲಿ ಉಂಟೆಂದು ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ತಪ್ಪು, ಆದರೂ ಆಯಿತು.

ಕಾರು ಹತ್ತುವಾಗ ನನಗೆ ಹೊಳೆದದ್ದು ಇದು. ಇವರಲ್ಲಿ ‘ಎಲ್ಲಿಗೆ’ ಎಂದು ಕೇಳುವ ಕೆಲಸವನ್ನು ಊರಿನವರಿಂದ ಕಿತ್ತು ಸಂಬಳದವರಿಗೆ ಕೊಟ್ಟಿದ್ದಾರೆ. ಶೆರ್‌ಬ್ರೂಕಿನ ನನ್ನ ಬೀದಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಎಡಗಡೆಯವರು ನಾನು ಹಿಮ ಬಾಚುವಾಗ ‘ಬೋಂಜೂರ್’ ಅನ್ನುತ್ತಾರೆ, ಹವಾಮಾನದ ಮಾತಾಡುತ್ತಾರೆ. ಎರಡು ತಿಂಗಳು ಊರಿಗೆ ಹೋಗಿ ಬಂದರೂ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದವರಿಲ್ಲ. ಕೇಳುವುದು ಅಮರ್ಯಾದೆ. ಒಮ್ಮೆ ಆಂಬ್ಯುಲೆನ್ಸ್ ಬಂದು ನನ್ನ ಹೆಂಡತಿಯನ್ನು ಕರೆದುಕೊಂಡು ಹೋಯಿತು, ಪಿತ್ತಕೋಶದ ಕಲ್ಲು. ಮಾರನೇ ದಿನ ಎಡಗಡೆಯವರು ಅದೇ ಹವಾಮಾನ ಹೇಳಿದರು. ಅಡ್ಯನಡ್ಕದಲ್ಲಾದರೆ ಆಂಬ್ಯುಲೆನ್ಸ್ ವಿಟ್ಲ ಮುಟ್ಟುವ ಮೊದಲೇ ಮನೆಯಲ್ಲಿ ಹತ್ತು ಜನ, ಒಲೆಯ ಮೇಲೆ ಯಾರೋ ಇಟ್ಟ ಗಂಜಿ, ದನ ಕರೆಯಲಿಕ್ಕೆ ಇನ್ಯಾರೋ. ಇಲ್ಲಿ ಕೇಳಬೇಕಾದವರು ಕೇಳುವುದಿಲ್ಲ, ಕೇಳುವವರಿಗೆ ನಾನು ಯಾರೆಂದು ಗೊತ್ತಿಲ್ಲ.

ನಮ್ಮ ಕಡೆ ಗಡಿ ಎಂದರೆ ಯಾವಾಗಲೂ ಏನಾದರೊಂದು ಲಾಭ. ಪೆಟ್ರೋಲು ಕಮ್ಮಿಯೆಂದು ಪೆರ್ಲದವರು ಈಚೆ ಬರುತ್ತಾರೆ, ಥೇಟ್ ಸ್ಟಾನ್‌ಸ್ಟೆಡ್‌ನವರು ಡರ್ಬಿಗೆ ಹೋದ ಹಾಗೆ. ಜಿಎಸ್‌ಟಿ ಬಂದ 2017ರಿಂದ ಆಚೆ ಬದಿಯ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟೂ ಹೋಯಿತು. ಇನ್ನು ಎರಡೂ ಕಡೆಯವರಿಗೆ ಸೇರಿದ್ದು ಎಂದರೆ ಹ್ಯಾಸ್ಕೆಲ್ ಲೈಬ್ರರಿ ಒಂದೇ ಎಂದುಕೊಳ್ಳಬೇಡಿ. ಅಡಿಕೆಯ ಧಾರಣೆ ಬಿದ್ದು ಬೆಳೆಗಾರ ನೆಲಕಚ್ಚಿದಾಗ 1973ರಲ್ಲಿ ಕರ್ನಾಟಕ, ಕೇರಳ ಎರಡನ್ನೂ ಸೇರಿಸಿ ಕ್ಯಾಂಪ್ಕೋ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ಕಟ್ಟಿದ ವಾರಣಾಶಿ ಸುಬ್ರಾಯ ಭಟ್ಟರು ನಮ್ಮ ಅಡ್ಯನಡ್ಕದವರು. ಗೆರೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ತೋಟದ ಮನುಷ್ಯ. ಪೆರ್ಲದ ಅಡಿಕೆ, ಪುತ್ತೂರಿನ ಅಡಿಕೆ ಎಂದು ಎರಡು ತಕ್ಕಡಿ ಇಡಲಿಲ್ಲ. ಅದರ ಬಗ್ಗೆ ಯಾರಾದರೂ ಫೋಟೋ ಹೊಡೆದು ಪ್ರವಾಸಿಗರಿಗೆ ತೋರಿಸುತ್ತಾರಾ? ನಾವು ನೆಲದ ಮೇಲೆ ಕಪ್ಪು ಪಟ್ಟಿ ಅಂಟಿಸಲಿಲ್ಲ, ಹಾಗಾಗಿ ಫೋಟೋಕ್ಕೆ ಎಂತದೂ ಇಲ್ಲ.

ಇದನ್ನೆಲ್ಲ ಹೀಗೆಯೇ ಬರೆದು ತಂಗಿಗೆ ಕಳಿಸಿದೆ. ಅವಳು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾಳೆ, ಹನ್ನೆರಡನೇ ಮಾಳಿಗೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಫೋನ್ ಮಾಡಿದಳು.

“ಅಣ್ಣ, ನಿನ್ನನ್ನು ಆ ಏಳು ಜನ ಕೇಳಿದ್ದು ಒಂದು ಥರ. ನನ್ನನ್ನು ಕೇಳಿದ್ದು ಬೇರೆ ಥರ. ನೀನು ‘ಇಲ್ಲೇ’ ಅಂದರೆ ‘ಹಾಂ, ಆಗಲಿ’ ಅಂದು ಬಿಡುತ್ತಿದ್ದರು. ನಾನು ‘ಇಲ್ಲೇ’ ಅಂದರೆ ‘ಇಲ್ಲಿ ಅಂದ್ರೆ ಎಲ್ಲಿ?’ ಅಂತಲೇ ಕೇಳುತ್ತಿದ್ದರು. ನಿನ್ನ ಆಫೀಸರನ ಹಾಗೆಯೇ. ಸಂಜೆಯೊಳಗೆ ಅಪ್ಪನಿಗೂ ಸುದ್ದಿ ಮುಟ್ಟುತ್ತಿತ್ತು, ಯಾವ ಬಸ್ಸು, ಯಾವ ಸೀಟು, ಪಕ್ಕದಲ್ಲಿ ಯಾರು. ನಿನಗೆ ಗಡಿ ಸಾರಡ್ಕದಲ್ಲಿ. ನನಗೆ ಮನೆಯ ತಡಮೆಯಿಂದಲೇ ಚೆಕ್‌ಪೋಸ್ಟು.”

ಉತ್ತರ ಹೇಳಲು ಹೊರಟೆ, ಸಿಕ್ಕಲಿಲ್ಲ. ಅವಳು ಬಿಡಲಿಲ್ಲ. ಈಗೀಗ ನಮ್ಮ ಜಿಲ್ಲೆಯಲ್ಲಿ ಹುಡುಗ-ಹುಡುಗಿಯನ್ನು ಬಸ್ಸಿನಿಂದ ಇಳಿಸಿ ‘ಎಲ್ಲಿಗೆ, ಯಾರ ಜೊತೆ’ ಎಂದು ಕೇಳುವವರಿಗೆ ಯಾವ ಸಮವಸ್ತ್ರ ಉಂಟು ಎಂದಳು. ಕಡೇ ಪಕ್ಷ ನಿನ್ನವನಿಗೆ ಎದೆಯ ಮೇಲೆ ನಂಬರ್ ಇತ್ತು, ಪಾಸ್‌ಪೋರ್ಟ್ ವಾಪಸು ಕೊಟ್ಟ, ಅಮ್ಮನಿಗೆ ಫೋನ್ ಮಾಡಲಿಲ್ಲ. ಅದೂ ಸರಿಯೇ. ಹನ್ನೊಂದು ವರ್ಷದಲ್ಲಿ ನನ್ನ ಎಡಮನೆಯವರು ನನ್ನ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ, ಒಬ್ಬಳೇ ಮಗಳಾ ಎಂದು ತಲೆ ಓರೆ ಮಾಡಲಿಲ್ಲ ಎಂಬುದನ್ನು ನಾನು ಮೇಲೆ ಬರೆಯಬೇಕಿತ್ತು. ಬರೆಯಲಿಲ್ಲ.

ಇನ್ನೊಂದನ್ನೂ ಬಿಟ್ಟಿದ್ದೆ, ಬೇಕೆಂದೇ. 2020ರ ಮಾರ್ಚ್. ಕೋವಿಡ್ ಸುರುವಾದಾಗ ಕೆನಡಾ–ಅಮೆರಿಕ ಗಡಿ ಮುಚ್ಚಿತು, ಅಗತ್ಯದವರಿಗೆ ಮಾತ್ರ ಬಿಟ್ಟರು. ಲೈಬ್ರರಿಗೆ ಬೀಗ. ಅದೇ ವಾರಗಳಲ್ಲಿ ನಮ್ಮ ಕಡೆಯವರು ಕಾಸರಗೋಡು–ಮಂಗಳೂರು ದಾರಿಯ ಗಡಿ ತಲಪಾಡಿಯಲ್ಲಿ ಹೆದ್ದಾರಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಕಾಸರಗೋಡಿನವರಿಗೆ ಆಸ್ಪತ್ರೆ ಎಂದರೆ ಮಂಗಳೂರು, ಅಜ್ಜನ ಕಾಲದಿಂದಲೂ ಹಾಗೆಯೇ. ಆಂಬ್ಯುಲೆನ್ಸುಗಳು ಗಡಿಯಲ್ಲಿ ತಿರುಗಿದವು. ದಾಟಲಾಗದೆ ಜನ ತೀರಿಕೊಂಡರು. ಕೇರಳದ ಹೈಕೋರ್ಟು ಮಾತಾಡಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಆಮೇಲೆ ರೋಗಿಗಳಿಗೆ ಒಂದು ದಾರಿ ಆಯಿತು. ಪೆರ್ಲದ ನನ್ನ ಸೋದರತ್ತೆಗೆ ಮಂಗಳೂರಿನಲ್ಲಿ ತಿಂಗಳಿಗೊಮ್ಮೆ ತೋರಿಸುವುದಿತ್ತು. ಅವಳಿಗೆ ಆಗ ಏನೂ ಆಗಲಿಲ್ಲ. ಆದರೆ ಆ ಮೇಲೆ ಅವಳು “ನಿಮ್ಮ ಕರ್ನಾಟಕ” ಎನ್ನಲು ಸುರು ಮಾಡಿದಳು. ಅದಕ್ಕೆ ಮೊದಲು ಆ ಮಾತು ಅವಳ ಬಾಯಲ್ಲಿ ಕೇಳಿದ ನೆನಪಿಲ್ಲ. ಅಜ್ಜಿಯ ಬಸ್ಸಿನ ಲೆಕ್ಕ ಅಲ್ಲಿಗೆ ಮುಗಿಯಿತೋ ಏನೋ.

ಇಲ್ಲಿ ಆ ಎರಡು ವರ್ಷ ಏನಾಯಿತು ಎಂದು ಆ ಮುದುಕನನ್ನು ಕೇಳಿದ್ದೆ. ಕ್ಯಾನುಸಾ ಬೀದಿಯಲ್ಲಿ ಎದುರುಬದುರು ಮನೆಯವರು ತಂತಮ್ಮ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಕೂಗಿ ಮಾತಾಡುತ್ತಿದ್ದರಂತೆ. ರಸ್ತೆಯ ಮೇಲೆ ಯಾರೂ ಮಣ್ಣು ಹಾಕಲಿಲ್ಲ. ಆದರೆ ಯಾರೂ ದಾಟಲೂ ಇಲ್ಲ. ದಾಟಬಹುದಿತ್ತಲ್ಲ, ಯಾರು ನೋಡುತ್ತಿದ್ದರು ಎಂದೆ. “ಯಾಕೆ ದಾಟುವುದು?” ಎಂದ, ನಿಜವಾಗಿಯೂ ಅರ್ಥವಾಗದವನ ಹಾಗೆ. ನಮ್ಮಲ್ಲಾಗಿದ್ದರೆ ಆ ಮಣ್ಣಿನ ರಾಶಿಯ ಪಕ್ಕದ ಗುಡ್ಡದಲ್ಲಿ ಎರಡನೇ ದಿನಕ್ಕೆ ಕಾಲುದಾರಿ ಬೀಳುತ್ತಿತ್ತು. ಬಿದ್ದಿತ್ತು ಕೂಡ, ಚಿಕ್ಕಪ್ಪನೇ ಅದರಲ್ಲಿ ಮಾತ್ರೆ ದಾಟಿಸಿದ್ದು. ಯಾವ ಗುಡ್ಡ ಎಂದು ಕೇಳಬೇಡಿ. ಇಲ್ಲೇ.

ಅಂದ ಹಾಗೆ ಹಪ್ಪಳ ಸಿಕ್ಕಿತು. ವಾಪಸು ಬರುವಾಗ ಕೆನಡಾದ ಕಡೆಯ ಹೆಣ್ಣು ಅಧಿಕಾರಿ “ಏನಿದು?” ಎಂದಳು. ಹಲಸಿನ ಹಣ್ಣಿನ ಮರ, ಬಲಿತ ಕಾಯಿ, ಅಮ್ಮ, ಕೊಬ್ಬರಿ ಎಣ್ಣೆ ಎಂದು ಎಲ್ಲವನ್ನೂ ಹೇಳಿದೆ, ಈ ಸಲ ಒಂದನ್ನೂ ಬಿಡದೆ. ಅವಳು ಒಂದು ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, “ಕರಿದರೆ ಉಬ್ಬುತ್ತದಾ?” ಎಂದಳು. ಉಬ್ಬುತ್ತದೆ ಎಂದೆ. ಬಿಟ್ಟಳು.

ಮೇ ತಿಂಗಳಲ್ಲಿ ಊರಿಗೆ ಹೋಗುವುದುಂಟು. ಅತ್ತೆಯ ಮನೆಗೆ ಹೋಗಲೇಬೇಕು, ತಂಗಿಯನ್ನೂ ಕರೆದಿದ್ದೇನೆ, ಬಂದರೆ ಬಂದಳು. ಟಿಕೆಟು ಮಾಡಿ ನಾಲ್ಕು ದಿನವಾಗಿಲ್ಲ, ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ನಿನ್ನೆ ಗೂಡಂಗಡಿಯ ಬ್ಯಾರಿಯ ಮಗ ವಾಟ್ಸಾಪಿನಲ್ಲಿ ಕೇಳಿದ್ದಾನೆ, ದೋಹಾ ದಾರಿಯೋ ದುಬೈ ದಾರಿಯೋ ಅಂತ.